ನಾಯಿಯ ಪಾಠಶಾಲೆಯಲ್ಲಿ ಎರಡು ದಿನ

ನಾಯಿ ಮನುಷ್ಯನ ಅತ್ಯಂತ ಹಳೆಯ ಒಡನಾಡಿ. ಬೇಸಾಯವನ್ನು ಕಲಿಯುವುದಕ್ಕೂ ಮುನ್ನವೇ, ಬೇಟೆಯಾಡಿ ಬದುಕುತ್ತಿದ್ದ ಕಾಲದಲ್ಲಿಯೇ, ಮಾನವನು ತೋಳದ ಕುಲದ ಈ ಪ್ರಾಣಿಯನ್ನು ತನ್ನ ಬೆಂಕಿಯ ಬಳಿಗೆ ಬರಗೊಟ್ಟನು. ಇಷ್ಟು ದೀರ್ಘ ಸಹವಾಸವಿದ್ದರೂ, ನಾಯಿ ಹೇಗೆ ಕಲಿಯುತ್ತದೆಂಬುದನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಲು ತೊಡಗಿ ನೂರು ವರ್ಷಗಳಿಗೆ ತುಸು ಮೇಲಾಗಿದೆ, ಅಷ್ಟೆ. ಈ ವಿಷಯವನ್ನು ಪುಸ್ತಕದಿಂದಲ್ಲದೆ ನಾಯಿಯಿಂದಲೇ ತಿಳಿಯಬೇಕೆಂಬ ಕುತೂಹಲದಿಂದ ನಾವು, ನಮ್ಮ ಮನೆಯ ನಾಡತಳಿಯ ‘ಕರಿಯ’ನೊಡನೆ, ಬೆಂಗಳೂರಿನಲ್ಲಿ ನಡೆದ ಎರಡು ದಿನಗಳ ಶಿಬಿರವೊಂದರಲ್ಲಿ ಭಾಗವಹಿಸಿದೆವು. ಅಲ್ಲಿ ಕೂಡಿದ್ದ ಹನ್ನೆರಡು ಮಂದಿಯೂ ನಮ್ಮಂತೆಯೇ ಹೊಸಬರು. ವಾಸನೆಯನ್ನು ಹುಡುಕುವ ಕೆಲಸಕ್ಕೆ ನಾಯಿಯನ್ನು ಅಣಿಗೊಳಿಸುವುದು ಶಿಬಿರದ ವಿಷಯವಾಗಿತ್ತು.

ಮೊದಲ ದಿನ ನಾಯಿಗಳನ್ನು ಮರದ ನೆರಳಿನಲ್ಲಿ ಕಟ್ಟಿ, ಮನುಷ್ಯರಿಗೇ ಪಾಠ ಆರಂಭವಾಯಿತು! ನಮ್ಮಲ್ಲೊಬ್ಬ ತರುಣನನ್ನು ಹೊರಗೆ ಕಳುಹಿಸಿ, ಅವನು ಮೂಲೆಯ ಮಣೆಯನ್ನು ಎತ್ತಿ ಮೇಜಿನ ಮೇಲಿಡಬೇಕೆಂದು ಉಳಿದವರು ಗುಟ್ಟಾಗಿ ಗೊತ್ತುಮಾಡಿದೆವು. ಅವನು ಮರಳಿದಾಗ ಯಾರೂ ಮಾತನಾಡಲಿಲ್ಲ. ಅವನು ಮಣೆಯತ್ತ ತಿರುಗಿದೊಡನೆ ಶಿಕ್ಷಕರ ಅಂಗೈಯಲ್ಲಿದ್ದ ಕ್ಲಿಕ್ಕರ್ ಎಂಬ ಪುಟ್ಟ ಸಾಧನವು ‘ಟಿಕ್’ ಎಂದಿತು. ಒಂದು ಹೆಜ್ಜೆ ಮುಂದಿಟ್ಟರೆ ಮತ್ತೊಂದು ಟಿಕ್. ಕೆಲವೇ ನಿಮಿಷಗಳಲ್ಲಿ ಮಣೆ ಮೇಜನ್ನೇರಿತು. ಬಳಿಕ ಮತ್ತೊಬ್ಬರೊಡನೆ ಇದೇ ಆಟವನ್ನು, ಆದರೆ ಪ್ರತಿ ಸಲವೂ ಸದ್ದನ್ನು ಎರಡು ಮೂರು ಸೆಕೆಂಡು ತಡಮಾಡಿ, ಆಡಲಾಯಿತು. ಆ ಮಹನೀಯರು ಗೊಂದಲಗೊಂಡು, ಬೇಸತ್ತು, ಕೊನೆಗೆ ಕುಳಿತೇಬಿಟ್ಟರು. ಸರಿಯಾದ ಕ್ಷಣವನ್ನು ಗುರುತಿಸುವುದೇ ಕಲಿಸುವ ವಿದ್ಯೆಯ ಮೊದಲ ಅಕ್ಷರವೆಂದು ನಮಗೆ ಮನದಟ್ಟಾಯಿತು.

ಇದರ ಹಿಂದಿರುವ ತತ್ತ್ವ ಸರಳ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೋವ್, ಆಹಾರಕ್ಕೆ ಮುನ್ನ ಸದ್ದೊಂದನ್ನು ಮತ್ತೆ ಮತ್ತೆ ಕೇಳಿಸಿದರೆ, ಕ್ರಮೇಣ ಆ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದನ್ನು ತೋರಿಸಿಕೊಟ್ಟನು. ‘ಟಿಕ್’ ಸದ್ದಿನೊಡನೆ ಪ್ರತಿ ಸಲವೂ ತಿನಿಸು ಕೊಟ್ಟರೆ, ಸದ್ದೇ ಬಹುಮಾನದ ಮುನ್ಸೂಚನೆಯಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ 1951ರಲ್ಲಿಯೇ, ಟಿಕ್‌ಟಿಕ್ಕೆನ್ನುವ ಮಕ್ಕಳ ಆಟಿಕೆಯನ್ನು ಇದಕ್ಕೆ ಬಳಸಬಹುದೆಂದು ಬರೆದಿದ್ದನು. ತಿನಿಸು ಕೈಯಿಂದ ಬಾಯಿಗೆ ತಲಪಲು ಹೊತ್ತು ಬೇಕು. ಸದ್ದಾದರೋ ತಕ್ಷಣವೇ ಕಿವಿಗೆ ಮುಟ್ಟುತ್ತದೆ. ಏಟಿನಿಂದ ಕಲಿಸಬಾರದೇಕೆ ಎಂದು ಒಬ್ಬರು ಕೇಳಿದರು. “ಏಟು ‘ಇದು ಬೇಡ’ ಎಂದೀತು, ಯಾವುದು ಬೇಕೆಂದು ಹೇಳಲಾರದು. ಮೇಲಾಗಿ, ನಾಯಿ ತಪ್ಪಿಗೆ ಅಂಜುವ ಬದಲು ನಿಮಗೇ ಅಂಜೀತು” ಎಂದರು ಶಿಕ್ಷಕರು.

ಎರಡನೆಯ ದಿನ ಮೂಗಿನ ಕೆಲಸ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಜೀವಕೋಶಗಳು ಸುಮಾರು 50-60 ಲಕ್ಷವೆಂದು ಅಂದಾಜು. ನಾಯಿಯ ಮೂಗಿನಲ್ಲಿ 20 ಕೋಟಿಗೂ ಮಿಕ್ಕಿ. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು 5 ಬಾರಿ ಗಾಳಿಯನ್ನೆಳೆಯುತ್ತದೆ. ಹೊರಬಿಡುವ ಉಸಿರು ಹೊಳ್ಳೆಗಳ ಪಕ್ಕದ ಸೀಳಿನಿಂದ ಹೊರಟು, ಎದುರಿನ ವಾಸನೆಯನ್ನು ಕೆದರದಂತೆ ಸಾಗುತ್ತದೆ.

ರಂಧ್ರಗಳುಳ್ಳ ಆರು ರಟ್ಟಿನ ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಒಂದರಲ್ಲಿ ಮಾತ್ರ ಬೇಯಿಸಿದ ಮಾಂಸದ ತುಣುಕನ್ನು ಅಡಗಿಸಿದ್ದರು. ಮೊದಲ ಸುತ್ತಿನಲ್ಲಿ ಅದು ಯಾವ ಪೆಟ್ಟಿಗೆಯೆಂಬುದು ನಾಯಿಯನ್ನು ಹಿಡಿದವರಿಗೆ ತಿಳಿದಿತ್ತು. ಆಗ ಸೋಜಿಗವೊಂದನ್ನು ಕಂಡೆವು. ಹಲವು ನಾಯಿಗಳು ಮೂಸುವುದನ್ನು ನಿಲ್ಲಿಸಿ ಯಜಮಾನರ ಮುಖವನ್ನು ನೋಡತೊಡಗಿದವು! ಆ ಪೆಟ್ಟಿಗೆಯ ಬಳಿ ಯಜಮಾನರ ನಡಿಗೆ ನಿಧಾನವಾಗುತ್ತಿತ್ತು. ಹಗ್ಗ ತುಸು ಬಿಗಿಯಾಗುತ್ತಿತ್ತು. ನಾಯಿಗೆ ಅಷ್ಟೇ ಸಾಕಾಗಿತ್ತು.

ಎರಡನೆಯ ಸುತ್ತಿನಲ್ಲಿ ಉತ್ತರವನ್ನು ಬಲ್ಲವರಾರೂ ಕೋಣೆಯಲ್ಲಿರಲಿಲ್ಲ. ಅಡಗಿಸಿದವರು ಹೊರಗೆ ಹೋಗಿದ್ದರು. ಕರಿಯ ಮೂರು ಪೆಟ್ಟಿಗೆಗಳನ್ನು ದಾಟಿದ. ನಾಲ್ಕನೆಯದರ ಬಳಿ ತಲೆಯನ್ನು ಥಟ್ಟನೆ ಹಿಂದಕ್ಕೆ ತಿರುಗಿಸಿ ಮೂಸಿದ. ಐದನ್ನೂ ಆರನ್ನೂ ವಿಚಾರಿಸಿ, ಮರಳಿ ನಾಲ್ಕರ ಮುಂದೆ ಬಂದು ಕುಳಿತ. “ನಾಲ್ಕು” ಎಂದೆವು. ಹೊರಗಿನಿಂದ “ಸರಿ” ಎಂಬ ದನಿ ಬಂದಿತು. ನಮಗೆ ತಿಳಿಯದುದನ್ನು ನಾಯಿ ನಮಗೆ ತಿಳಿಸಿತ್ತು.

ವಿಜ್ಞಾನದ ಚರಿತ್ರೆಯಲ್ಲಿ ಇಂಥದೊಂದು ಪ್ರಸಿದ್ಧ ಪ್ರಸಂಗವುಂಟು. ಬರ್ಲಿನ್ನಿನ ‘ಹಾನ್ಸ್’ ಎಂಬ ಕುದುರೆ ಗೊರಸಿನಿಂದ ನೆಲ ತಟ್ಟಿ ಲೆಕ್ಕಗಳಿಗೆ ಉತ್ತರ ಹೇಳುತ್ತಿತ್ತು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲವೆಂದು ಫುಂಗ್‌ಸ್ಟ್ ಎಂಬ ವಿದ್ವಾಂಸನು 1907ರಲ್ಲಿ ತೋರಿಸಿದನು. ತಟ್ಟುಗಳ ಎಣಿಕೆ ಸರಿಯಾದೊಡನೆ ಕೇಳುವವನ ತಲೆ ಅರಿವಿಲ್ಲದೆಯೇ ಕಿಂಚಿತ್ತು ಮೇಲೇಳುತ್ತಿತ್ತು, ಕುದುರೆ ಅದನ್ನೋದುತ್ತಿತ್ತು. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 18 ಶೋಧಕ ನಾಯಿಗಳನ್ನೂ ಅವುಗಳ ಪಾಲಕರನ್ನೂ ಪರೀಕ್ಷಿಸಿದರು. ಎಲ್ಲಿಯೂ ವಾಸನೆಯ ವಸ್ತುವನ್ನು ಇಟ್ಟಿರಲಿಲ್ಲ. ಕೆಂಪು ಕಾಗದವಿರುವಲ್ಲಿ ವಸ್ತುವಿದೆಯೆಂದು ಪಾಲಕರಿಗೆ ಹೇಳಿದ್ದರು, ಅಷ್ಟೆ. ಆದರೂ ‘ಸಿಕ್ಕಿತು’ ಎಂಬ ವರದಿಗಳು ಬಂದವು. ಕಾಗದವಿದ್ದ ಕಡೆಗಳಲ್ಲಿಯೇ ಹೆಚ್ಚಾಗಿ ಬಂದವು. ಪಾಲಕನ ನಂಬಿಕೆ ನಾಯಿಯನ್ನು ಎಳೆಯಿತೋ, ಪಾಲಕನ ಕಣ್ಣನ್ನೇ ಮರುಳುಗೊಳಿಸಿತೋ, ಎರಡರಲ್ಲಿ ಯಾವುದಾದರೂ ಫಲ ಒಂದೇ. ನಾಯಿಯ ಸಾಕ್ಷ್ಯವನ್ನು ನೆಚ್ಚಿ ನಿರಪರಾಧಿಯೊಬ್ಬನನ್ನು ಹಿಡಿಯುವ ಸಂಭವವಿರುವಾಗ ಇದು ಆಟದ ಮಾತಲ್ಲ. ಆದಕಾರಣವೇ, ಪಾಲಕನಿಗೆ ಉತ್ತರ ತಿಳಿಯದಂತೆ ಪರೀಕ್ಷಿಸುವ ಕ್ರಮವನ್ನು ಮೊದಲ ಪಾಠದಲ್ಲಿಯೇ ಕಲಿಸಬೇಕೆಂಬುದು ನಮ್ಮ ಶಿಕ್ಷಕರ ಮತ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೂ ಪರೀಕ್ಷಿಸಬಹುದು. ಸಾಕಿದ ನಾಯಿಯೊಂದು, ಒಂದೇ ಬಗೆಯ ಮೂರು ರಟ್ಟಿನ ಡಬ್ಬಿಗಳು, ಕೆಲವು ತಿನಿಸಿನ ತುಣುಕುಗಳು ಸಾಕು. ಕೈಯ ವಾಸನೆಯಿಂದ ವ್ಯತ್ಯಾಸವಾಗದಂತೆ ಮೂರನ್ನೂ ಸಮನಾಗಿ ಮುಟ್ಟಿರಬೇಕು. ತಿನಿಸಿನ ವಾಸನೆ ಹತ್ತಿದ ಡಬ್ಬಿಯನ್ನು ಬದಲಿಸುತ್ತಿರಬೇಕು. ನೀವು ಉತ್ತರ ಬಲ್ಲಾಗ 10 ಬಾರಿ, ಬಲ್ಲವರೆಲ್ಲ ಹೊರಗಿರುವಾಗ 10 ಬಾರಿ ಪರೀಕ್ಷಿಸಿ, ಫಲಿತಾಂಶವನ್ನು ಬರೆದಿಡಿರಿ. ಬರಿಯ ಅದೃಷ್ಟದಿಂದಲೇ ಹತ್ತರಲ್ಲಿ ಮೂರು ನಾಲ್ಕು ಸರಿಯಾಗಬಹುದೆಂಬುದನ್ನು ಮರೆಯಬಾರದು. ಎರಡು ಪಟ್ಟಿಗಳಲ್ಲಿ ಅಂತರ ಕಂಡುಬಂದರೆ, ಅದು ನಾಯಿಯ ಮೂಗಿನ ವಿಷಯವಾಗಿ ಎಷ್ಟು ಹೇಳುತ್ತದೆಯೋ ನಿಮ್ಮ ವಿಷಯವಾಗಿಯೂ ಅಷ್ಟೇ ಹೇಳುತ್ತದೆ.