ತಾಯಿಯ ಥೈರಾಯ್ಡ್, ಶಿಶುವಿನ ಎದೆಬಡಿತ

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು ದೇಹದ ಸಕಲ ವ್ಯಾಪಾರಗಳ ವೇಗವನ್ನು ನಿಯಂತ್ರಿಸುತ್ತದೆ. ಅದು ಅತಿಯಾಗಿ ದುಡಿದಾಗ ಎದೆಬಡಿತ ಹೆಚ್ಚುತ್ತದೆ, ಕೈ ನಡುಗುತ್ತದೆ, ಹೊಟ್ಟೆ ತುಂಬ ಉಂಡರೂ ಮೈ ಇಳಿಯುತ್ತದೆ. ಇದರ ಪ್ರಮುಖ ಕಾರಣವಾದ ವ್ಯಾಧಿಯನ್ನು 1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ವರ್ಣಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ.

ಗ್ರೇವ್ಸ್ ರೋಗದಲ್ಲಿ ದೇಹವೇ ಉತ್ಪಾದಿಸಿದ ಪ್ರತಿಕಾಯಗಳು ಗ್ರಂಥಿಯನ್ನು ಬಿಡುವಿಲ್ಲದೆ ಪ್ರಚೋದಿಸುತ್ತವೆ. ಇಂತಹ ಪ್ರಚೋದಕ ವಸ್ತುವನ್ನು ರೋಗಿಗಳ ರಕ್ತದಲ್ಲಿ 1956ರಲ್ಲಿ ಗುರುತಿಸಿದವರು ನ್ಯೂಜಿಲೆಂಡಿನ ಆಡಮ್ಸ್ ಮತ್ತು ಪರ್ವ್ಸ್. ಗರ್ಭಿಣಿಯ ರಕ್ತದಲ್ಲಿರುವ ಈ ಪ್ರತಿಕಾಯಗಳು ಮಾಸನ್ನು ದಾಟಿ ಶಿಶುವಿನ ಗ್ರಂಥಿಯನ್ನೂ ಕೆರಳಿಸಬಲ್ಲವು. ಇಂತಹ ತಾಯಂದಿರಿಗೆ ಜನಿಸುವ ನೂರು ಶಿಶುಗಳಲ್ಲಿ ಸುಮಾರು 1ರಿಂದ 5 ಶಿಶುಗಳಿಗೆ ಮಾತ್ರ ಈ ತೊಂದರೆ ಉಂಟಾಗುತ್ತದೆ. ಆದರೆ ತೀವ್ರ ಸ್ವರೂಪದಲ್ಲಿದ್ದು ಚಿಕಿತ್ಸೆ ದೊರೆಯದಿದ್ದರೆ ಹೃದಯ ಸೋತು ಪ್ರಾಣಕ್ಕೇ ಅಪಾಯವಾದೀತು.

ಬ್ಯಾಂಕಿನಲ್ಲಿ ಖಾತೆ ಮುಚ್ಚಿದರೆ ಲೆಕ್ಕ ಮುಗಿಯಿತು. ಇಲ್ಲಿ ಹಾಗಲ್ಲ. ಹಲವು ವರ್ಷಗಳ ಹಿಂದೆಯೇ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಅಯೋಡಿನ್ ಚಿಕಿತ್ಸೆ ಪಡೆದು, ಈಗ ಥೈರಾಕ್ಸಿನ್ ಗುಳಿಗೆ ಸೇವಿಸುತ್ತಾ ಆರೋಗ್ಯವಾಗಿರುವ ಸ್ತ್ರೀಯ ರಕ್ತದಲ್ಲಿಯೂ ಪ್ರತಿಕಾಯಗಳು ಉಳಿದಿರಬಹುದು. "ವಾಸಿಯಾದ ಕಾಯಿಲೆ, ಹೇಳುವುದೇಕೆ?" ಎಂಬ ಮೌನವೇ ಇಲ್ಲಿ ಅಪಾಯಕಾರಿ.

ಇನ್ನೊಂದು ತೊಡಕುಂಟು. ತಾಯಿಯು ಗ್ರಂಥಿಯನ್ನು ಹತೋಟಿಯಲ್ಲಿಡುವ ಔಷಧಿ ಸೇವಿಸುತ್ತಿದ್ದರೆ ಅದೂ ಮಾಸನ್ನು ದಾಟಿ ಶಿಶುವನ್ನು ತಲುಪುತ್ತದೆ. ಜನನಾನಂತರ ಔಷಧಿಯ ಪ್ರಭಾವ ಕೆಲವೇ ದಿನಗಳಲ್ಲಿ ಅಳಿಯುತ್ತದೆ, ಪ್ರತಿಕಾಯಗಳು ಉಳಿಯುತ್ತವೆ. ಆದ್ದರಿಂದ ಹುಟ್ಟಿದಾಗ ಚೆನ್ನಾಗಿದ್ದ ಕೂಸಿನಲ್ಲಿ, ಮನೆಗೆ ಕರೆತಂದ ಮೇಲೆ, ವಾರ ಹತ್ತು ದಿನಗಳೊಳಗೆ ಲಕ್ಷಣಗಳು ತಲೆದೋರಬಹುದು: ಎದೆಬಡಿತದ ವೇಗ, ಎಡೆಬಿಡದ ಕಿರಿಕಿರಿ, ನಿದ್ರೆಯಿಲ್ಲದಿರುವುದು, ಭೇದಿ, ಹಾಲು ಚೆನ್ನಾಗಿ ಕುಡಿದರೂ ತೂಕ ಏರದಿರುವುದು, ಅಗಲವಾಗಿ ತೆರೆದ ಕಣ್ಣುಗಳು.

ರಕ್ತಪರೀಕ್ಷೆಯಿಂದ ರೋಗ ನಿಶ್ಚಯವಾದರೆ ಗ್ರಂಥಿಯನ್ನು ತಗ್ಗಿಸುವ ಔಷಧಿಯನ್ನೂ, ಎದೆಬಡಿತ ಶಮನಕ್ಕೆ ಪ್ರೊಪ್ರನೊಲಾಲ್‌ನ್ನೂ ವೈದ್ಯರು ಕೊಡುತ್ತಾರೆ. ತಾಯಿಯಿಂದ ಬಂದ ಪ್ರತಿಕಾಯಗಳು ಸುಮಾರು ಮೂರು ವಾರಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಲ್ಲಿ ಶಿಶು ಚೇತರಿಸಿಕೊಳ್ಳುತ್ತದೆ.

ಗರ್ಭಧಾರಣೆಯ ಸುಮಾರು 20ನೆಯ ವಾರದಲ್ಲಿ ಪ್ರತಿಕಾಯಗಳ ಪ್ರಮಾಣವನ್ನು ಅಳೆದರೆ ಶಿಶುವಿಗಿರುವ ಅಪಾಯದ ಅಂದಾಜು ಸಿಗುತ್ತದೆ. ಗರ್ಭಸ್ಥ ಶಿಶುವಿನ ಎದೆಬಡಿತ ನಿಮಿಷಕ್ಕೆ 160ನ್ನು ಮೀರಿ ನಿಂತರೆ ಅದೂ ಎಚ್ಚರಿಕೆಯೇ. ಔಷಧಿಯನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಕೂಡದು.

ಹೊರನಾಡಿನಲ್ಲಿರುವ ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಚಿಕಿತ್ಸೆಯ ಕಾಗದಪತ್ರಗಳು ಮುಂಬಯಿಯ ಕಪಾಟಿನಲ್ಲಿ, ಹೆರಿಗೆ ಧಾರವಾಡದಲ್ಲಿ ಎಂಬಂತಾಗಬಾರದು. ಬಾಣಂತನಕ್ಕೆ ಸೀರೆ, ಕುಲಾವಿಗಳನ್ನು ಜೋಡಿಸುವಾಗ ಹಳೆಯ ವರದಿಗಳನ್ನೂ ಪೆಟ್ಟಿಗೆಯಲ್ಲಿಡಿ. ಅವನ್ನು ಹೆರಿಗೆಯ ವೈದ್ಯರಿಗಷ್ಟೇ ಅಲ್ಲ, ಮಕ್ಕಳ ವೈದ್ಯರಿಗೂ ತೋರಿಸಿ.