ಹಲ್ಲು ಕೀಳಿಸಿದ ಮೇಲೆ ಮುಂದಿನ ಚಿಕಿತ್ಸೆ ಯಾವಾಗ? ಪರ್ವಕ್ಕೆ ಮುಂಚೆ ಹಾಕಬೇಕಾದ ಲೆಕ್ಕ

ಹಲ್ಲುನೋವು ಬಂದರೆ ಲವಂಗ ಇಟ್ಟುಕೊಂಡು ತಿಂಗಳುಗಟ್ಟಲೆ ದಿನ ತಳ್ಳುವವರು ಮನ್ನಳ್ಳಿ ಕಡೆಯ ಊರುಗಳಲ್ಲಿ ಈಗಲೂ ಇದ್ದಾರೆ. ಕೊನೆಗೆ ತಡೆಯಲಾಗದೆ ಬೀದರಿಗೆ ಹೋದಾಗ, ಅಂಗಡಿ ಬಾಗಿಲು ಹಾಕಿ ಮತ್ತೆ ಮತ್ತೆ ಬರಲಾಗದು, ಎಲ್ಲವನ್ನೂ ಇವತ್ತೇ ಮುಗಿಸಿಬಿಡಿ ಎಂದು ಡಾಕ್ಟರಿಗೆ ಹೇಳುತ್ತಾರೆ. ಆದರೆ ಬಾಯಿಯ ಗಾಯ ನಮ್ಮ ಅವಸರಕ್ಕೆ ಮಾಯುವುದಿಲ್ಲ. ಅದರಲ್ಲೂ ವ್ರತ, ಉಪವಾಸ ಮಾಡುವ ಶ್ರಾವಕ ಶ್ರಾವಿಕೆಯರು ದಿನಗಳ ಲೆಕ್ಕವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಗಾಯ ಮಾಯುವ ಕ್ರಮ

ಹಲ್ಲು ಕಿತ್ತ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯಕ್ಕೆ ಮುಚ್ಚಳ. ಮೊದಲ 24 ಗಂಟೆ ಜೋರಾಗಿ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು. ಕಾಯಿಸಿದ ನೀರನ್ನೂ ಪೂರ್ತಿ ಆರಿಸಿಯೇ ಕುಡಿಯಬೇಕು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಬಹುದು. ಹೆಪ್ಪು ಕಿತ್ತುಹೋದರೆ ಒಳಗಿನ ಎಲುಬು ತೆರೆದುಕೊಂಡು, ಸಾಮಾನ್ಯವಾಗಿ 2ರಿಂದ 4ನೇ ದಿನದೊಳಗೆ ಕಿವಿಯವರೆಗೂ ಎಳೆಯುವ ನೋವು ಬರುತ್ತದೆ. ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಗುಟ್ಕಾ, ಬೀಡಿ ಚಟ ಇದ್ದವರಿಗೆ ಇದರ ಅಪಾಯ ಹೆಚ್ಚು.

ಹೊಲಿಗೆಯನ್ನು 7ರಿಂದ 10 ದಿನಕ್ಕೆ ಬಿಚ್ಚುತ್ತಾರೆ. ಒಸಡು ಮುಚ್ಚಲು 3ರಿಂದ 4 ವಾರ ಬೇಕು. ಒಳಗೆ ಎಲುಬು ತುಂಬಲು 3ರಿಂದ 6 ತಿಂಗಳು ಬೇಕು.

ಯಾವ ಚಿಕಿತ್ಸೆ ಯಾವಾಗ

ಹಲ್ಲು ಸ್ವಚ್ಛ ಮಾಡಿಸುವುದು, ಹುಳುಕಿಗೆ ಸಿಮೆಂಟು ತುಂಬಿಸುವುದು ಮುಂತಾದ ಅವಸರವಿಲ್ಲದ ಕೆಲಸಗಳನ್ನು ಸಾಮಾನ್ಯವಾಗಿ ಒಂದೆರಡು ವಾರ ಮುಂದೂಡಬಹುದು. ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ದಿನ ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ, ಅದೂ ಒಂದು ಕಾರಣ. ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಒಸಡು ಗಟ್ಟಿಯಾಗುವವರೆಗೆ, ಅಂದರೆ ಸುಮಾರು 2ರಿಂದ 3 ತಿಂಗಳು ಕಾಯಿಸುತ್ತಾರೆ. ಇಂಪ್ಲಾಂಟಿಗೆ ಬಹುಮಟ್ಟಿಗೆ 3ರಿಂದ 6 ತಿಂಗಳು. ಬೇರೆ ಹಲ್ಲಿನಲ್ಲಿ ಕೀವು, ತಡೆಯಲಾಗದ ನೋವು ಇದ್ದರೆ ಮಾತ್ರ ಕಾಯಬಾರದು.

ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ, ರಕ್ತ ತೆಳುಮಾಡುವ ಮಾತ್ರೆ, ಎಲುಬು ಸವೆತಕ್ಕೆ ತೆಗೆದುಕೊಂಡ ಇಂಜೆಕ್ಷನ್, ಇವನ್ನೆಲ್ಲ ಮೊದಲೇ ಹೇಳಬೇಕು. ರಕ್ತ ತೆಳುಮಾಡುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ಪರ್ವದ ಲೆಕ್ಕ

ದಶಲಕ್ಷಣ ಪರ್ವ ಭಾದ್ರಪದ ಶುಕ್ಲ ಪಂಚಮಿಗೆ ಶುರುವಾಗಿ ಅನಂತ ಚತುರ್ದಶಿಗೆ ಮುಗಿಯುತ್ತದೆ. ಶ್ರಾವಣದ ನಾಗರ ಪಂಚಮಿಯೊಳಗೆ ಹಲ್ಲು ಕೀಳಿಸಿದರೆ ಪರ್ವಕ್ಕೆ ಒಂದು ತಿಂಗಳು ಸಿಗುತ್ತದೆ. ಹೊಲಿಗೆ ಬಿಚ್ಚಿ, ಮಾತ್ರೆ ಮುಗಿದು, ಒಸಡೂ ಕೂಡಿರುತ್ತದೆ. ಪರ್ವಕ್ಕೆ ನಾಲ್ಕು ದಿನ ಇರುವಾಗ ಕೀಳಿಸಿಕೊಂಡರೆ ಕಷ್ಟ. ನೋವಿನ ಹಲವು ಮಾತ್ರೆಗಳು ಬರಿಹೊಟ್ಟೆಯಲ್ಲಿ ಜಠರಕ್ಕೆ ಪೆಟ್ಟು ಕೊಡುತ್ತವೆ. ಉಪವಾಸವೆಂದು ಆಂಟಿಬಯೋಟಿಕ್ ನಡುವೆ ಬಿಟ್ಟರೆ ಸೋಂಕು ಮರುಕಳಿಸಬಹುದು.

ರಾತ್ರಿ ಆಹಾರ, ನೀರು ಬಿಟ್ಟವರು ಅದನ್ನು ಡಾಕ್ಟರಿಗೆ ಮುಚ್ಚಿಡಬಾರದು. ದಿನಕ್ಕೆ ಮೂರು ಹೊತ್ತಿನ ಮಾತ್ರೆಯ ಬದಲು ಒಂದು ಅಥವಾ ಎರಡು ಹೊತ್ತಿನದು ಆಗುತ್ತದೆಯೇ ಎಂದು ಕೇಳಿದರೆ, ಸಾಧ್ಯವಿದ್ದಲ್ಲಿ ಬದಲಿಸಿ ಕೊಡುತ್ತಾರೆ. ಹೇಳದೆ ರಾತ್ರಿಯ ಮಾತ್ರೆ ಬಿಡುವುದು ಮಾತ್ರ ಸರಿಯಲ್ಲ. ಮೊದಲ ದಿನಗಳಲ್ಲಿ ಆರಿದ ಗಂಜಿ, ಹೆಸರುಬೇಳೆ ಕಟ್ಟು, ಜೋಳದ ಅಂಬಲಿ ಸಾಕು. ಕಟಕ್ ರೊಟ್ಟಿ ಬೇಡ.

ಮೊದಲೇ ಕೇಳಿಕೊಳ್ಳಬೇಕಾದ್ದು

ಅಹಿಂಸೆ ಪಾಲಿಸುವವರು ಚಿಕಿತ್ಸೆಗೆ ಮುಂಚೆಯೇ ಮೂರು ಮಾತು ಕೇಳಬೇಕು. ಹೊಲಿಗೆಗೆ ರೇಷ್ಮೆ ದಾರವೋ, ಪ್ರಾಣಿಯ ಕರುಳಿನಿಂದ ಮಾಡಿದ ಕ್ಯಾಟ್‌ಗಟ್ಟೋ? ನೈಲಾನ್ ಅಥವಾ ಕೃತಕವಾಗಿ ಕರಗುವ ದಾರವೂ ಸಿಗುತ್ತದೆ. ಇಂಪ್ಲಾಂಟಿಗೆ ತುಂಬುವ ಎಲುಬಿನ ಪುಡಿ ದನದ್ದೋ? ಕೃತಕವಾದದ್ದೂ ಇದೆ. ಕ್ಯಾಪ್ಸೂಲಿನ ಕವಚ ಜೆಲಾಟಿನ್ನಿನದೋ? ಅದೇ ಔಷಧ ಮಾತ್ರೆಯ ಅಥವಾ ಸಿರಪ್ಪಿನ ರೂಪದಲ್ಲಿ ಸಿಗುತ್ತದೆಯೇ? ಕುರ್ಚಿಯಲ್ಲಿ ಮಲಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಮುಹೂರ್ತ ನೋಡಬಾರದ ಲಕ್ಷಣಗಳು

ಒತ್ತಿ ಹಿಡಿದರೂ ನಿಲ್ಲದ ರಕ್ತ, ಜ್ವರ, ಕೀವು, ಮೂರು ದಿನದ ಮೇಲೂ ಹೆಚ್ಚುತ್ತಿರುವ ಬಾವು ಕಂಡರೆ ಅದೇ ದಿನ ಡಾಕ್ಟರನ್ನು ಕಾಣಬೇಕು. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಹೊತ್ತು, ತಿಥಿ ನೋಡದೆ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೀದರಿನ ನೌಬಾದ್‌ನಲ್ಲಿಯೂ ಹುಮನಾಬಾದಿನಲ್ಲಿಯೂ ದಂತವೈದ್ಯಕೀಯ ಕಾಲೇಜುಗಳಿವೆ. ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ.

ಈ ವರ್ಷ ತಪ್ಪಿದ ಉಪವಾಸವನ್ನು ಮುಂದಿನ ವರ್ಷ ಮಾಡಬಹುದು. ಅಲ್ಲಿಯವರೆಗೆ ಏಕಾಶನ, ಸ್ವಾಧ್ಯಾಯ, ಜಪಕ್ಕೆ ಯಾವ ಅಡ್ಡಿಯೂ ಇಲ್ಲ. ದೇಹ ಗಟ್ಟಿಯಿದ್ದರೆ ವ್ರತವೂ ಗಟ್ಟಿ.