ಸೋತವನ ಜೇಬಿನಲ್ಲಿ ಉಳಿಯುವುದೆಷ್ಟು?

ಆಟದಲ್ಲಿ ಗೆದ್ದವನಿಗೆ ಬಹುಮಾನ ಸಿಗುತ್ತದೆ. ಇದು ಎಲ್ಲರಿಗೂ ತಿಳಿದ ವಿಷಯ. ಆದರೆ ಆ ಬಹುಮಾನ ಯಾರ ಜೇಬಿನಿಂದ ಬರುತ್ತದೆ? ಸೋತವನ ಕೈಯಲ್ಲಿ ಕೊನೆಗೆ ಏನು ಉಳಿಯುತ್ತದೆ? ಹೆತ್ತವರಾದ ನಾವು ಈ ಪ್ರಶ್ನೆಯನ್ನು ಕೇಳುವುದೇ ಅಪರೂಪ. ನನಗೂ ಅದು ಹೊಳೆದದ್ದು ಮನೆಯಲ್ಲಿ ಒಂದು ಘಟನೆ ನಡೆದ ಮೇಲೆಯೇ.

2024ರ ಈದುಲ್ ಫಿತ್ರ್ ಕಳೆದು ಒಂದು ವಾರವಾಗಿತ್ತು. ನಾವಿರುವುದು ಬಿಟಿಎಂ ಲೇಔಟ್‌ಗೆ ತಾಗಿಕೊಂಡಿರುವ ಗುರಪ್ಪನಪಾಳ್ಯದಲ್ಲಿ. ಮನೆಗೆಲಸದಾಕೆಗೆ ಸಂಬಳ ಕೊಡಲೆಂದು ಪರ್ಸ್ ತೆಗೆದರೆ 1,600 ರೂಪಾಯಿ ಇಲ್ಲ! ಆಕೆ ಬಾಗಿಲ ಬಳಿ ನಿಂತಿದ್ದಾಳೆ. ನನ್ನ ಮನಸ್ಸು ಮೊದಲು ಓಡಿದ್ದು ಆಕೆಯ ಕಡೆಗೇ. ಅಲ್ಲಾಹನು ನನ್ನನ್ನು ಕ್ಷಮಿಸಲಿ. ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಮಗ ಕೋಣೆಯಿಂದ ಹೊರಬಂದ. "ಉಮ್ಮಾ, ಅದು ನಾನು ತೆಗೆದದ್ದು" ಎಂದ. ಅವನಿಗೆ ಆಗಷ್ಟೇ ಹದಿನೆಂಟು ತುಂಬಿತ್ತು.

ವಿಷಯ ಇಷ್ಟೆ. ಹಿಂದೆಲ್ಲಾ ಹಬ್ಬದ ಹಣವನ್ನು ಹಿರಿಯರು ಮಕ್ಕಳ ಅಂಗೈಗೆ ಇಡುತ್ತಿದ್ದರು. ಈಗ ಮಾವಂದಿರು ಊರಿನಿಂದ, ಗಲ್ಫ್‌ನಿಂದ ನೇರವಾಗಿ ಫೋನಿಗೇ ಹಾಕುತ್ತಾರೆ. ಹಾಗೆ ಬಂದ 1,600 ರೂಪಾಯಿಯನ್ನು ಅವನು ಒಂದು ಲೂಡೋ ಆಟದಲ್ಲಿ ಕಟ್ಟಿದ್ದ. ಮೊದಲು 50 ರೂಪಾಯಿ ಸೋತ. ಅದನ್ನು ಮರಳಿ ಪಡೆಯಲು 100 ಕಟ್ಟಿದ. ಮತ್ತೆ 200, 400, 800. ಸತತ ಐದು ಆಟಗಳಲ್ಲಿ ಸೋಲು! 1,550 ರೂಪಾಯಿ ಹೋಗಿ 50 ಉಳಿಯಿತು. ಆರನೆಯ ಆಟಕ್ಕೆ 1,600 ಬೇಕು. ಅದು ನನ್ನ ಪರ್ಸ್‌ನಲ್ಲಿತ್ತು. ನೋಟುಗಳನ್ನು ಗೆಳೆಯನ ಕೈಗೆ ಕೊಟ್ಟು ಫೋನಿಗೆ ಹಾಕಿಸಿಕೊಂಡ. ಅದೂ ಹೋಯಿತು.

ಚಿಕ್ಕವನ ಲೆಕ್ಕ

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮನೆಯವರು "ಇನ್ನು ಈ ಮನೆಯಲ್ಲಿ ಯಾವ ಆಟವೂ ಬೇಡ" ಎಂದುಬಿಟ್ಟರು. ಹತ್ತು ವರ್ಷದ ಚಿಕ್ಕವನ ಕೈಯಲ್ಲಿದ್ದ ಹಳೆಯ ಗೇಮ್‌ಬಾಯ್ ಕೂಡ ಕಪಾಟು ಸೇರಿತು. ಅದು ವರ್ಷಗಳ ಹಿಂದೆ ನನ್ನ ಅಣ್ಣ ಗಲ್ಫ್‌ನಿಂದ ತಂದುಕೊಟ್ಟದ್ದು. ಅದರಲ್ಲಿರುವುದು ಪೋಕೆಮಾನ್ ಆಟ.

ಚಿಕ್ಕವನು ಅಳುತ್ತಾ ವಾದಿಸಿದ: "ಉಮ್ಮಾ, ನನ್ನ ಆಟದಲ್ಲಿ ಸೋತರೆ ಅರ್ಧ ದುಡ್ಡು ಮಾತ್ರ ಹೋಗುವುದು. ಕಾಕನ ಆಟದ ಹಾಗಲ್ಲ."

"ನಿನ್ನ ಆಟದಲ್ಲೂ ದುಡ್ಡು ಕಟ್ಟುತ್ತಾರಾ?" ಎಂದು ನಾನು ಬೆಚ್ಚಿಬಿದ್ದೆ. ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಲೋಕವೇನೆಂದು ತಿಳಿದುಕೊಂಡೆ.

ಪೋಕೆಮಾನ್ ಆಟ ಮೊದಲು ಬಿಡುಗಡೆಯಾದದ್ದು 1996ರ ಫೆಬ್ರವರಿ 27ರಂದು, ಜಪಾನಿನಲ್ಲಿ. ಅದನ್ನು ರೂಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಹಾಕುತ್ತಿದ್ದರಂತೆ. ಆ ಹವ್ಯಾಸವೇ ಆಟಕ್ಕೆ ಬೀಜವಾಯಿತು. ಆಟದ ಹುಡುಗ ಊರೂರು ಸುತ್ತುತ್ತಾನೆ, ವಿಚಿತ್ರ ಜೀವಿಗಳನ್ನು ಹಿಡಿದು ಸಾಕುತ್ತಾನೆ, ದಾರಿಯಲ್ಲಿ ಸಿಗುವ ಇತರರ ಜೀವಿಗಳೊಂದಿಗೆ ಕಾದಾಡಿಸುತ್ತಾನೆ. ಗೆದ್ದರೆ ಎದುರಾಳಿ ಹಣ ಕೊಡಬೇಕು. ಕಣ್ಣಿಗೆ ಕಣ್ಣು ಕೂಡಿದರೆ ಸಾಕು, ಕಾದಾಟ ನಡೆಯಲೇಬೇಕು. "ನನಗೆ ಇಷ್ಟವಿಲ್ಲ" ಎನ್ನುವಂತಿಲ್ಲ.

ಬಹುಮಾನಕ್ಕೂ ಒಂದು ಸೂತ್ರವಿದೆ. ಎದುರಾಳಿಯ ಅಂತಸ್ತಿಗೆ ಒಂದು ಅಂಕೆ, ಅದನ್ನು ಅವನ ಕೊನೆಯ ಜೀವಿಯ ಮಟ್ಟದಿಂದ ಗುಣಿಸಬೇಕು. ಮೊದಲ ಆವೃತ್ತಿಯಲ್ಲಿ ಹುಳು ಹಿಡಿಯುವ ಹುಡುಗನ ಅಂಕೆ 10. ಅವನ ಜೀವಿ 9ನೇ ಮಟ್ಟದ್ದಾದರೆ ಸಿಗುವುದು 90. ಸೂಟುಬೂಟಿನ ಶ್ರೀಮಂತನ ಅಂಕೆ 70. ಬ್ರಾಕ್ ಎಂಬ ಮೊದಲ ದೊಡ್ಡ ಎದುರಾಳಿಯ ಅಂಕೆ 99, ಅವನ ಕೊನೆಯ ಜೀವಿ 14ನೇ ಮಟ್ಟದ್ದು, ಬಹುಮಾನ 1,386. ಅಂದರೆ ಬಡ ಹುಡುಗನಿಂದ ಕಡಿಮೆ, ಉಳ್ಳವನಿಂದ ಹೆಚ್ಚು.

ಸೋತರೆ? ಆ ಮೊದಲ ಆಟದಲ್ಲಿ ಕೈಯಲ್ಲಿರುವ ಹಣದ ಅರ್ಧ ಹೋಗುತ್ತದೆ. 2004ರ ನಂತರದ ಆವೃತ್ತಿಗಳಲ್ಲಿ ಈ ನಿಯಮವನ್ನೂ ಸಡಿಲಿಸಿದರು. ಆಟಗಾರ ಎಷ್ಟು ಮುಂದೆ ಬಂದಿದ್ದಾನೆ ಎಂದು ನೋಡಿ ದಂಡ ಹಾಕುತ್ತಾರೆ. ಹೊಸಬನಿಗೆ ತೀರಾ ಕಡಿಮೆ.

ಎರಡೂ ಕಡೆ ಉಳಿದದ್ದು ಐವತ್ತೇ!

ನಾನು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಚಿಕ್ಕವನ ಆಟದಲ್ಲಿ 1,600 ಇದ್ದು ಸತತ ಐದು ಸಲ ಸೋತರೆ ಏನಾಗುತ್ತದೆ? 800, 400, 200, 100, 50. ಉಳಿದದ್ದು 50. ದೊಡ್ಡವನ ಕೈಯಲ್ಲಿ ಉಳಿದದ್ದೂ 50! ಹೋದ ಮೊತ್ತವೂ ಒಂದೇ, 1,550. ಹಾಗಾದರೆ ಚಿಕ್ಕವನ ವಾದ ಸುಳ್ಳೇ?

ಸುಳ್ಳಲ್ಲ. ವ್ಯತ್ಯಾಸವಿರುವುದು ಆರನೆಯ ಆಟದಲ್ಲಿ.

ಪೋಕೆಮಾನ್‌ನಲ್ಲಿ ಆರನೆಯ ಸಲ ಸೋತರೆ ಹೋಗುವುದು 25. ಅದರ ನಂತರ 12, 6, 3. ಪೆಟ್ಟು ಸಣ್ಣದಾಗುತ್ತಾ ಬರುತ್ತದೆ. ಅಲ್ಲಿ ಸಾಲ ಕೊಡುವವನೇ ಇಲ್ಲ. ಲೂಡೋದಲ್ಲಿ ಆರನೆಯ ಆಟಕ್ಕೆ 1,600 ಬೇಕು, ಏಳನೆಯದಕ್ಕೆ 3,200. ಸೋತವನಿಗೆ ಪೆಟ್ಟು ದೊಡ್ಡದಾಗುತ್ತಾ ಹೋಗುತ್ತದೆ. ಕೈಯಲ್ಲಿರುವುದು ಐವತ್ತು, ಬೇಕಾಗಿರುವುದು ಸಾವಿರದ ಆರುನೂರು. ಆ ಕಂದಕವನ್ನು ತುಂಬುವುದು ಹೇಗೆ? ಉಮ್ಮಳ ಪರ್ಸ್, ಗೆಳೆಯನ ಸಾಲ, ಬಡ್ಡಿಗೆ ಹಣ ಕೊಡುವ ಮತ್ತೊಂದು ಆಪ್. ಸೋತರೆ ಅರ್ಧವಾಗುವ ಲೋಕಕ್ಕೂ ಸೋತರೆ ಇಮ್ಮಡಿಯಾಗುವ ಲೋಕಕ್ಕೂ ಇರುವ ಅಂತರ ಇದೇ.

"ಐದು ಸಲ ಯಾರು ಸೋಲುತ್ತಾರೆ?" ಎಂದು ಕೇಳಬಹುದು. ಸಮಬಲದ ಇಬ್ಬರು ಆಡಿದರೆ ಸತತ ಐದು ಸೋಲು ಬರುವ ಸಾಧ್ಯತೆ 32ರಲ್ಲಿ ಒಂದು. ಒಂದು ತಿಂಗಳು ದಿನವೂ ಹೀಗೆ ಕೂತವನಿಗೆ ಅದು ದೂರದ ಮಾತಲ್ಲ.

ಇನ್ನೊಂದು ಸಂಗತಿಯಂತೂ ಮಗನಿಗೂ ಹೊಳೆದಿರಲಿಲ್ಲ. ಆ ಆಟದಲ್ಲಿ ಇಬ್ಬರು 50ರಂತೆ ಕಟ್ಟಿದರೆ ಗೆದ್ದವನಿಗೆ 90, ಆಪ್‌ನವರಿಗೆ 10. ಇದೇ ಲೆಕ್ಕದಲ್ಲಿ ಆರನೆಯ ಆಟವನ್ನು ಅವನು ಗೆದ್ದಿದ್ದರೆ? ಒಟ್ಟು 3,200ರಲ್ಲಿ ಅವನಿಗೆ 2,880. ಅವನು ಅಷ್ಟರಲ್ಲಿ ಸುರಿದದ್ದು 3,150. ಗೆದ್ದಿದ್ದರೂ 270 ರೂಪಾಯಿ ನಷ್ಟ! ಈ ಅಂಕೆಯನ್ನು ಹಾಳೆಯಲ್ಲಿ ಬರೆದು ತೋರಿಸಿದಾಗ ಅವನು ಬಹಳ ಹೊತ್ತು ಸುಮ್ಮನೆ ಕುಳಿತ. ನಾನು ಮಾಡಿದ ಯಾವ ಉಪದೇಶಕ್ಕೂ ಅವನು ಹಾಗೆ ಕುಳಿತಿರಲಿಲ್ಲ.

ಕೋಳಿ ಅಂಕ ಮತ್ತು ಕಂಬಳ

ಜೀವಿಗಳನ್ನು ಕಾದಾಡಿಸಿ ಹಣ ಗೆಲ್ಲುವುದು ಜಪಾನಿನವರು ಕಂಡುಹಿಡಿದದ್ದೇನಲ್ಲ. ನಮ್ಮ ಕರಾವಳಿಯ ಕೋಳಿ ಅಂಕವನ್ನು ನೋಡಿ. ಕಾಲಿಗೆ ಸಣ್ಣ ಕತ್ತಿ ಕಟ್ಟಿದ ಹುಂಜಗಳು ಕಾದುತ್ತವೆ, ಸೋತ ಕೋಳಿ ಗೆದ್ದವನ ಪಾಲಾಗುತ್ತದೆ, ಸುತ್ತ ನಿಂತವರ ಪಣ ಬೇರೆ. ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಪ್ರಾಣಿಗಳನ್ನು ಕಾದಾಡಿಸುವುದನ್ನು ಪ್ರವಾದಿಯವರು(ಸ) ತಡೆದಿದ್ದರೆಂಬ ವರದಿ ಅಬೂದಾವೂದ್ ಸಂಗ್ರಹದಲ್ಲಿದೆ. ಗೇಮ್‌ಬಾಯ್‌ನಲ್ಲಿ ರಕ್ತ ಹರಿಯುವುದಿಲ್ಲ, ಜೀವಿಗಳು ಸಾಯದೆ ಮೂರ್ಛೆ ಹೋಗುತ್ತವೆ ಎನ್ನುವುದು ನಿಜ. ಆದರೆ ಹಣದ ಹಾದಿ ಒಂದೇ: ಸೋತವನ ಜೇಬಿನಿಂದ ಗೆದ್ದವನ ಜೇಬಿಗೆ.

ಇನ್ನು ಕಂಬಳ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಅಲ್ಲಿ ಗೆದ್ದ ಕೋಣಗಳ ಯಜಮಾನನಿಗೆ ಸಿಗುವ ಚಿನ್ನ ಸಂಘಟಕರದ್ದು, ಸೋತ ಯಜಮಾನನದ್ದಲ್ಲ. ಶಾಲೆಯ ಓಟದ ಸ್ಪರ್ಧೆಯ ಬಹುಮಾನವೂ ಹೀಗೆಯೇ.

ಈ ಅಂತರ ನಮ್ಮ ಧರ್ಮಶಾಸ್ತ್ರಜ್ಞರಿಗೆ ಹೊಸದಲ್ಲ. ಪವಿತ್ರ ಕುರ್‌ಆನ್ ಜೂಜನ್ನು ಮದ್ಯದ ಜೊತೆಗೇ ಸೇರಿಸಿ ವಿರೋಧಿಸಿದೆ. ಕುದುರೆ ಓಟದಂತಹ ಸ್ಪರ್ಧೆಗಳ ಕುರಿತು ಚರ್ಚಿಸಿದ ವಿದ್ವಾಂಸರು ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮುಖ್ಯವಾಗಿ ನೋಡಿದರು. ಮೂರನೆಯವನು ಕೊಟ್ಟರೆ ಅದು ಬಹುಮಾನ. ಸ್ಪರ್ಧಿಗಳಿಬ್ಬರೂ ಕಟ್ಟಿ ಗೆದ್ದವನು ಬಾಚಿಕೊಂಡರೆ ಅದು ಜೂಜಿನ ರೂಪ. 2001ರಲ್ಲಿ ಸೌದಿ ಅರೇಬಿಯಾ ಪೋಕೆಮಾನ್ ಆಟವನ್ನೂ ಕಾರ್ಡುಗಳನ್ನೂ ನಿಷೇಧಿಸಿದಾಗ ಕೊಟ್ಟ ಕಾರಣಗಳಲ್ಲಿ ಜೂಜೂ ಒಂದು.

ಆಟ ತಯಾರಿಸಿದವರಿಗೂ ಈ ಅಳುಕು ಇತ್ತೇನೋ. ಮೊದಲ ಆಟದಲ್ಲಿ ನಾಣ್ಯ ಹಾಕಿ ಆಡುವ ಜೂಜಿನ ಅಂಗಡಿಯೊಂದಿದೆ. ಅದರ ನೆಲಮಾಳಿಗೆಯಲ್ಲಿ ಅಡಗಿರುವುದು ಕಥೆಯ ಕಳ್ಳರ ಗುಂಪು! 2010ರಲ್ಲಿ ಜಪಾನಿನ ಹೊರಗೆ ಬಂದ ಆವೃತ್ತಿಯಲ್ಲಿ ಆ ಜೂಜಿನ ಯಂತ್ರಗಳನ್ನೇ ತೆಗೆದು, ಅಂಕೆಗಳ ಒಗಟಿನ ಆಟವೊಂದನ್ನು ಇಟ್ಟರು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ನ್ಯಾಯಾಲಯಗಳು ಬಹುಕಾಲ ಕೇಳಿದ ಪ್ರಶ್ನೆ ಬೇರೆ: ಇದು ಕೌಶಲದ ಆಟವೋ, ಅದೃಷ್ಟದ ಆಟವೋ? 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ರಾಜ್ಯ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ನನ್ನ ಮಗ ಹಣ ಕಳೆದುಕೊಂಡದ್ದು ಆ ನಂತರದ ಕಾಲದಲ್ಲಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡುವುದಿಲ್ಲ. ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆಟವನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಪಣವಿಲ್ಲದ ಇ-ಸ್ಪೋರ್ಟ್ಸ್ ಸ್ಪರ್ಧೆಗಳನ್ನು ಅದು ಬೇರೆಯಾಗಿಯೇ ಕಾಣುತ್ತದೆ. ಅಲ್ಲಿ ಸಾಧನೆಗೆ ಬಹುಮಾನ ಕೊಡಬಹುದು. ಒಳ್ಳೆಯದೇ. ಆದರೆ ಕಾನೂನು ಮನೆಯ ಕೋಣೆಯೊಳಗೆ ಕುಳಿತು ಕಾವಲು ಕಾಯುವುದಿಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಹೆಸರಿನಲ್ಲಿ ಕಿಟಕಿ ತೆರೆಯುವವರು ಇದ್ದೇ ಇರುತ್ತಾರೆ.

ನಾವು ಕೇಳಬೇಕಾದ ಮೂರು ಪ್ರಶ್ನೆಗಳು

ಜಯನಗರವಿರಲಿ, ಬನಶಂಕರಿ, ಜೆಪಿ ನಗರವಿರಲಿ, ಇಂದು ಆಟವಿಲ್ಲದ ಫೋನ್ ಇಲ್ಲ. "ಆಡಬೇಡ" ಎಂಬ ಒಂದೇ ಮಾತು ಮಕ್ಕಳನ್ನು ಕದ್ದು ಆಡುವಂತೆ ಮಾಡುತ್ತದೆ. ಅದರ ಬದಲು ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆ ಕೇಳೋಣ.

ಒಂದು, ಬಹುಮಾನದ ಹಣ ಯಾರದ್ದು? ಸೋತವನದ್ದೇ, ಸಂಘಟಕರದ್ದೇ, ಅಥವಾ ಬರೀ ಆಟದೊಳಗಿನ ಸುಳ್ಳು ದುಡ್ಡೇ?

ಎರಡು, ಸತತ ಐದು ಸಲ ಸೋತವನಿಗೆ ಆರನೆಯ ಆಟದಲ್ಲಿ ಎಷ್ಟು ಬೇಕಾಗುತ್ತದೆ? ಕಡಿಮೆಯೋ, ಹೆಚ್ಚೋ?

ಮೂರು, ಪ್ರತಿ ಆಟದಲ್ಲೂ ಸೋಲದೆ ಗಳಿಸುವ ಇನ್ನೊಬ್ಬ ಇದ್ದಾನೆಯೇ? ಇದ್ದರೆ ಆ ಆಟ ನಡೆಯುತ್ತಿರುವುದು ಅವನಿಗಾಗಿ.

ಈ ಪ್ರಶ್ನೆಗಳನ್ನು ಕೇಳಿ ನೋಡಿದ ಮೇಲೆ ನಾನು ಗೇಮ್‌ಬಾಯ್‌ಯನ್ನು ಕಪಾಟಿನಿಂದ ತೆಗೆದುಕೊಟ್ಟೆ. ದಿನಕ್ಕೆ ಅರ್ಧ ಗಂಟೆ, ಅದೂ ಅಸರ್ ನಮಾಝಿನ ನಂತರ. ಮನೆಯವರು ಮೊದಲು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿದ್ದಾರೆಂದು ಹೇಳಲಾರೆ.

ದೊಡ್ಡವನು ಕೆಲಸದಾಕೆಯ ಸಂಬಳವನ್ನು ತಾನೇ ತೀರಿಸಿದ. ಓಣಿಯ ಇಬ್ಬರು ಮಕ್ಕಳಿಗೆ ಎರಡು ತಿಂಗಳು ಗಣಿತ ಹೇಳಿಕೊಟ್ಟು ಆ ಹಣವನ್ನು ನನ್ನ ಕೈಗಿತ್ತ. ಆಕೆಯ ಮೇಲೆ ನಾನು ಒಂದು ಕ್ಷಣ ಪಟ್ಟ ಸಂಶಯವನ್ನು ತೀರಿಸುವ ದಾರಿ ಮಾತ್ರ ನನಗೆ ಇಂದಿಗೂ ಸಿಕ್ಕಿಲ್ಲ.

ಒಂದು ದಿನ ಚಿಕ್ಕವನು ಆಟದಲ್ಲಿ ಸೋತ. ಪರದೆ ಕಪ್ಪಾಯಿತು. ಮರುಕ್ಷಣ ಅವನ ಹುಡುಗ ಒಂದು ಚಿಕಿತ್ಸಾಲಯದಲ್ಲಿದ್ದ, ಗಾಯಗೊಂಡ ಜೀವಿಗಳೆಲ್ಲಾ ಗುಣವಾಗಿದ್ದವು. "ಇದಕ್ಕೆ ದುಡ್ಡು ಎಷ್ಟು?" ಎಂದು ಕೇಳಿದೆ.

"ಏನೂ ಇಲ್ಲ ಉಮ್ಮಾ. ಸೋತವರನ್ನು ಇಲ್ಲಿಗೇ ಕರೆದುಕೊಂಡು ಬರುತ್ತಾರೆ. ಫ್ರೀ" ಎಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: "ಕಾಕ ಐದು ಸಲ ಸೋತನಲ್ಲಾ, ಆಗ ಯಾಕೆ ನಮ್ಮ ಹತ್ತಿರ ಬರಲಿಲ್ಲ?"

ಓದುಗ ಸಹೋದರಿಯರೇ, ಆ ಪ್ರಶ್ನೆ ಅವನ ಅಣ್ಣನಿಗಲ್ಲ, ನನಗೆ ಕೇಳಿದ್ದು ಎಂದೇ ನನಗನಿಸಿತು. ಐವತ್ತು ರೂಪಾಯಿ ಸೋತಾಗಲೇ ನಮ್ಮ ಮಕ್ಕಳು ಹೆದರದೆ ಬಂದು ಹೇಳುವಂತಹ ಮನೆ ನಮ್ಮದಾಗಲಿ. ಆಗ ಆರನೆಯ ಆಟದ ಅಗತ್ಯವೇ ಬೀಳುವುದಿಲ್ಲ.